113 ಕಿಲೋಮೀಟರು, ಮೂವರು, ಒಂದು ಪಟ್ಟಿ



ನಾವು ಗೋವಾದಿಂದ ಬಂದ ಮೇಲೆ ಚರ್ಚ್ ಅಂಗಳದಲ್ಲಿ ಸಿಕ್ಕವರೆಲ್ಲ ಕೇಳಿದ್ದು ಎರಡೇ ಪ್ರಶ್ನೆ: "ಗೆದ್ದಿರಾ?" ಮತ್ತು "ಭಾನುವಾರದ ಪೂಜೆ ಎಂತ ಮಾಡಿದಿರಿ?" ಗೆಲ್ಲಲಿಲ್ಲ. ಪೂಜೆಗೆ ಶನಿವಾರ ಸಂಜೆಯೇ ಪಣಜಿಯಲ್ಲಿ ಹೋಗಿದ್ದೆವು. ಉಳಿದದ್ದನ್ನು ನಿಂತಲ್ಲೇ ಹೇಳಿ ಮುಗಿಸಲು ಆಗಲಿಲ್ಲ, ಹಾಗಾಗಿ ಬರೆಯುತ್ತಿದ್ದೇವೆ.

ಟ್ರಯಥ್ಲಾನ್ ಅಂದರೆ ಈಜು, ಸೈಕಲು, ಓಟ, ಮೂರೂ ಒಂದರ ಹಿಂದೆ ಒಂದು. ಗೋವಾದ ಐರನ್‌ಮ್ಯಾನ್ 70.3 ಶುರುವಾದದ್ದು 2019ರಲ್ಲಿ. ಮಿರಾಮಾರ್ ಕಡಲಲ್ಲಿ 1.9 ಕಿ.ಮೀ. ಈಜು, ಆಮೇಲೆ 90 ಕಿ.ಮೀ. ಸೈಕಲು, ಆಮೇಲೆ 21.1 ಕಿ.ಮೀ. ಓಟ. ಒಟ್ಟು 113 ಕಿ.ಮೀ.; ಮೈಲಿಯಲ್ಲಿ ಹೇಳಿದರೆ 70.3. ಎಂಟೂವರೆ ಗಂಟೆಯೊಳಗೆ ಮುಗಿಸಬೇಕು. ಒಬ್ಬರೇ ಮೂರನ್ನೂ ಮಾಡುವವರಿದ್ದಾರೆ. ಮೂವರು ಹಂಚಿಕೊಳ್ಳುವ ರಿಲೇಯೂ ಇದೆ. ನಮ್ಮದು ರಿಲೇ. ಈಜಿಗೆ ಶಿರಿಯ ಹೊಳೆಯ ಬದಿಯಲ್ಲಿ ಬೆಳೆದವ, ಸೈಕಲಿಗೆ ಅಡಿಕೆ ತೋಟದವ, ಓಟಕ್ಕೆ ನರ್ಸಿಂಗ್ ಓದುತ್ತಿರುವವಳು.

ಮನೆಗಳಲ್ಲಿ ಸುಲಭಕ್ಕೆ ಒಪ್ಪಿಗೆ ಸಿಗಲಿಲ್ಲ. ಓಡುವವಳ ಅಜ್ಜಿಗೆ ನಾವು ಸಿಸ್ಟರ್ ಮಡೋನಾ ಬ್ಯೂಡರ್ ಅವರ ಫೋಟೋ ತೋರಿಸಿದೆವು. 1930ರಲ್ಲಿ ಹುಟ್ಟಿದ ಅಮೆರಿಕದ ಕನ್ಯಾಸ್ತ್ರೀ. ಒಬ್ಬ ಧರ್ಮಗುರುಗಳು ಹೇಳಿದರೆಂದು 48ನೇ ವಯಸ್ಸಿನಲ್ಲಿ ಓಡಲು ಶುರುಮಾಡಿದವರು. ನಮ್ಮದಕ್ಕಿಂತ ಇಮ್ಮಡಿ ದೂರದ ಪೂರ್ಣ ಐರನ್‌ಮ್ಯಾನನ್ನು 2012ರಲ್ಲಿ ಕೆನಡಾದಲ್ಲಿ ಒಬ್ಬರೇ ಮುಗಿಸಿದರು, ಆಗ ಅವರಿಗೆ 82. ಅಜ್ಜಿ ಫೋಟೋವನ್ನು ತುಂಬ ಹೊತ್ತು ನೋಡಿ, "ಇವರಿಗೆ ಕಾನ್ವೆಂಟಿನಲ್ಲಿ ಕೆಲಸ ಇರಲಿಲ್ವಾ?" ಅಂದರು. ಆದರೂ ಒಪ್ಪಿದರು.

ದುಡ್ಡಿನ ಪ್ರಶ್ನೆ ಅಷ್ಟು ಹಗುರ ಅಲ್ಲ. ಪ್ರವೇಶ ಶುಲ್ಕ ದುಬಾರಿ. ರಜೆಯಲ್ಲಿ ಅಡಿಕೆ ಸುಲಿದು, ಟ್ಯೂಷನ್ ಕೊಟ್ಟು ನಾವೇ ಹೊಂದಿಸಿದ್ದು ನಿಜ. ಆದರೂ ಯುವಜನ ಸಭೆಯಲ್ಲಿ, "ಇದನ್ನು ಬಡವರಿಗೆ ಕೊಡಬಹುದಿತ್ತಲ್ಲ?" ಎಂಬ ಮಾತು ಬಂತು. ಬೆಥಾನಿಯಲ್ಲಿ ಇದೇ ಪ್ರಶ್ನೆ ಕೇಳಿದ್ದು ಯಾರೆಂದು ಒಬ್ಬ ಕೀಟಲೆಯವ ನೆನಪಿಸಿದ, ಎಲ್ಲರೂ ನಕ್ಕರು. ಕೇಳಿದವರು ಯಾರೇ ಇರಲಿ, ಪ್ರಶ್ನೆ ಸರಿಯಾದದ್ದೇ. ಕೊನೆಗೆ ಹೀಗೆ ತೀರ್ಮಾನವಾಯಿತು: ನಮ್ಮ ವಾರ್ಡಿನಲ್ಲಿ ವಾರಕ್ಕೆ ಮೂರು ಸಲ ಡಯಾಲಿಸಿಸ್‌ಗೆ ಹೋಗುವ ಬಾಯಿಯವರಿಗಾಗಿ ಮನೆಗಳವರು ಕಿಲೋಮೀಟರಿಗೆ ಇಷ್ಟು ಎಂದು ಬರೆಸುವುದು. ಎಷ್ಟು ದೂರ ಮುಗಿಸುತ್ತೇವೋ ಅಷ್ಟಕ್ಕೆ ದುಡ್ಡು.

ತರಬೇತಿಗೆ ನಮ್ಮ ಊರೇ ಸಾಕಿತ್ತು. ಪೊಸಡಿ ಗುಂಪೆಯ ಏರಿನಲ್ಲಿ ಸೈಕಲು ತುಳಿದರೆ ಗೋವಾದ ಏರು ಎಂತದ್ದೂ ಅಲ್ಲ ಎಂದುಕೊಂಡಿದ್ದೆವು. ಏರಿನ ಮಟ್ಟಿಗೆ ಅದು ನಿಜವೇ. ಬಿಸಿಲಿನದ್ದು ಬೇರೆ ಲೆಕ್ಕ. ಒಂದು ಲೀಟರ್ ಬೆವರು ಪೂರ್ತಿ ಆವಿಯಾದರೆ ಮೈಯಿಂದ ಸುಮಾರು 580 ಕಿಲೋಕ್ಯಾಲೊರಿ ಶಾಖ ಹೋಗುತ್ತದೆ. ಆವಿಯಾದರೆ ಮಾತ್ರ. ಕರಾವಳಿಯ ತೇವದ ಗಾಳಿಯಲ್ಲಿ ಬೆವರು ತೊಟ್ಟಿಕ್ಕುತ್ತದೆ, ಒಣಗುವುದಿಲ್ಲ. ಸೈಕಲು ವೇಗವಾಗಿ ಹೋಗುವಾಗ ಗಾಳಿ ಅಷ್ಟಾದರೂ ಒಣಗಿಸುತ್ತದೆ. ಏರಿನಲ್ಲಿ ವೇಗ ಇಳಿದ ಕೂಡಲೇ ಅದೂ ನಿಲ್ಲುತ್ತದೆ. ಹಾಗಂತ ಬರೀ ನೀರು ಕುಡಿಯುತ್ತಾ ಹೋದರೆ ರಕ್ತದಲ್ಲಿ ಉಪ್ಪಿನ ಅಂಶ ಇಳಿದು ಅದೇ ಅಪಾಯ. ಹಿಂದಿನ ದಿನ ನಾವು ಉಂಡದ್ದು ಮನೆಯಿಂದ ಕೊಂಡುಹೋದ ಕುಚ್ಚಲಕ್ಕಿಯ ಗಂಜಿ, ಉಪ್ಪಿನಕಾಯಿ. ಪಕ್ಕದ ರೂಮಿನವರು ಬಣ್ಣಬಣ್ಣದ ಜೆಲ್ ಪ್ಯಾಕೆಟು ಜೋಡಿಸುತ್ತಿದ್ದರು.

ಪಣಜಿಯ ಪೂಜೆಯಲ್ಲಿ ಒಂದು ತಮಾಷೆ. ಕೊಂಕಣಿ ಪ್ರಾರ್ಥನೆಗಳು ನಮಗೆ ಬಾಯಿಪಾಠ, ಆದರೆ ಕೈಗೆ ಕೊಟ್ಟ ಪುಸ್ತಕ ರೋಮನ್ ಲಿಪಿಯದ್ದು. ಕನ್ನಡ ಅಕ್ಷರದಲ್ಲಿ ಕೊಂಕಣಿ ಓದಿ ಬೆಳೆದ ನಾವು ತಡವರಿಸಿದೆವು. ಇಲ್ಲಿಂದ ಹೊರಟು ನಮ್ಮ ಕಡೆಗೆ ಬಂದವರ ಮೊಮ್ಮಕ್ಕಳು ನಾವು ಎಂದು ಪಕ್ಕದಲ್ಲಿದ್ದ ಅಜ್ಜನಿಗೆ ಹೇಳಿದಾಗ, "ತುಂಬ ತಡವಾಗಿ ಬಂದಿರಿ" ಎಂದು ನಕ್ಕರು.

ಈಜು ಬೇಗ ಮುಗಿಯಿತು, 42 ನಿಮಿಷ. ರಿಲೇಯಲ್ಲಿ ಕೋಲು ಇಲ್ಲ. ಸಮಯ ಅಳೆಯುವ ಚಿಪ್ ಇರುವ ಒಂದು ಪಟ್ಟಿ ಕಾಲಿಗೆ ಕಟ್ಟಿರುತ್ತದೆ. ಅದನ್ನು ಬಿಚ್ಚಿ ಮುಂದಿನವರ ಕಾಲಿಗೆ ಕಟ್ಟಬೇಕು. ಒದ್ದೆ ಪಟ್ಟಿ ಕಟ್ಟಿಸಿಕೊಂಡು ನಮ್ಮ ಸೈಕಲಿನವ ಹೊರಟ.

ಆಮೇಲೆ ಶುರುವಾದದ್ದು ಕಾಯುವುದು. ಟ್ರಯಥ್ಲಾನ್ ಅಂದರೆ ಓಡುವುದು ಎಂದುಕೊಂಡವರಿಗೆ ಹೇಳುತ್ತೇವೆ, ರಿಲೇಯಲ್ಲಿ ಹೆಚ್ಚಿನ ಹೊತ್ತು ಕಾಯುವುದೇ. ಈಜು ಶುರುವಾಗಿ ಐದೂವರೆ ಗಂಟೆಯೊಳಗೆ ಸೈಕಲು ಬರಬೇಕು, ಇಲ್ಲದಿದ್ದರೆ ಓಟಕ್ಕೆ ಬಿಡುವುದಿಲ್ಲ. ನಾಲ್ಕೂವರೆ ಗಂಟೆ ಆಯಿತು. ನಮ್ಮ ನಂತರ ಹೊರಟವರೆಲ್ಲ ಬಂದರು. ಅವನ ಹತ್ತಿರ ಫೋನಿಲ್ಲ. ಐದು ಗಂಟೆ ಆಯಿತು. ಬಿದ್ದನಾ, ಟಯರು ಹೋಯಿತಾ, ತಲೆ ತಿರುಗಿತಾ? ಈಜಿದವ ಹೋಗಿ ಹೋಗಿ ರಸ್ತೆ ನೋಡಿ ಬಂದ. ಓಡುವವಳು ಶೂ ಲೇಸು ಬಿಚ್ಚಿ ಕಟ್ಟಿ, ಬಿಚ್ಚಿ ಕಟ್ಟಿ, ಕೊನೆಗೆ ಜಪಮಾಲೆ ತೆಗೆದಳು.

ಅವನು ಬಂದದ್ದು 5 ಗಂಟೆ 21 ನಿಮಿಷಕ್ಕೆ. ಅರುವತ್ತನೇ ಕಿಲೋಮೀಟರಿನ ನಂತರ ಒಂದು ಏರಿನಲ್ಲಿ ಆ ಬಿಸಿಲಲ್ಲಿ ಅವನಿಗೆ ಚಳಿಯಾದ ಹಾಗೆ ಮೈ ಜುಂ ಎಂದಿತಂತೆ. ನರ್ಸಿಂಗ್ ಹುಡುಗಿ ತಿಂಗಳುಗಟ್ಟಲೆ ಹೇಳಿದ್ದು ಅದನ್ನೇ: "ಚಳಿ ಆದ ಹಾಗೆ ಆದ್ರೆ ಇಳಿ. ಹೀರೋ ಆಗ್ಲಿಕ್ಕೆ ಹೋಗ್ಬೇಡ ಮಾರಾಯ." ಅವನು ಇಳಿದ. ಮರದಡಿ ಕುಳಿತು ತಲೆಗೆ, ಕುತ್ತಿಗೆಗೆ ನೀರು ಹೊಯ್ದುಕೊಂಡು ಇಪ್ಪತ್ತೈದು ನಿಮಿಷ. ಉಳಿದ ಕಿಲೋಮೀಟರುಗಳನ್ನು ಬಾಯಿಯವರ ಡಯಾಲಿಸಿಸ್‌ಗೆ ಗುಣಿಸಿ ಗುಣಿಸಿ ನೋಡಿದನಂತೆ, ಆದರೂ ಮೈ ತಣ್ಣಗಾಗುವ ತನಕ ಏಳಲಿಲ್ಲ. ನಮ್ಮ ಪ್ರಕಾರ ಆ ದಿನದ ಅತ್ಯಂತ ಕಷ್ಟದ ಕೆಲಸ ಅದೇ.

ಓಟ ಶುರುವಾದಾಗ ನೆತ್ತಿಯ ಮೇಲೆ ಸೂರ್ಯ. ದೋನಾ ಪಾವ್ಲಾ ಕಡೆಗೆ ಏರು. ಆ ತುದಿಯ ಕಾಬೊದಲ್ಲಿ ರಾಜ್ಯಪಾಲರ ನಿವಾಸದೊಳಗೆ ಮಾತೆಯ ಹಳೆಯ ಚಾಪೆಲ್ ಇದೆ. ಏರಿನಲ್ಲೆಲ್ಲ ಅವಳು ನಡೆದಳು, ಇಳಿಜಾರಿನಲ್ಲಿ ಓಡಿದಳು, ಟೊಪ್ಪಿಯೊಳಗೆ ಐಸು ತುಂಬಿಕೊಂಡಳು. ಕೊನೆಯ ನೂರು ಮೀಟರಿಗೆ ನಾವು ಮೂವರೂ ಸೇರಿಕೊಂಡೆವು. 8 ಗಂಟೆ 19 ನಿಮಿಷ.

ಅಜ್ಜಿಗೆ ಫೋನು ಮಾಡಿದಾಗ ಕೇಳಿದ್ದು, "ಊಟ ಆಯ್ತಾ?"

ದೂರ ಪೂರ್ತಿ ಮುಗಿದಿದೆ, ಹಾಗಾಗಿ ಪೂರ್ತಿ 113 ಕಿಲೋಮೀಟರಿನ ಲೆಕ್ಕ. ಬರೆಸಿದವರಲ್ಲಿ ಹೆಚ್ಚಿನವರು ಕೊಟ್ಟಾಗಿದೆ. ಬಾಕಿ ಇರುವವರು ನಿಮ್ಮ ವಾರ್ಡಿನ ಗುರಿಕಾರರ ಕೈಯಲ್ಲಿ ಕೊಟ್ಟು, ಪುಸ್ತಕದಲ್ಲಿ ಹೆಸರಿನ ಮುಂದೆ ಗುರುತು ಹಾಕಿಸಿಕೊಳ್ಳಿ.