ವೈದ್ಯರಾಗಬಯಸುವ ನಮ್ಮ ಮಕ್ಕಳು

ಹತ್ತನೆಯ ತರಗತಿಯ ಯಾವ ಜಾಣ ವಿದ್ಯಾರ್ಥಿಯನ್ನು ಕೇಳಿದರೂ ‘ಮುಂದೆ ನಾನು ಡಾಕ್ಟರಾಗುತ್ತೇನೆ’ ಎಂಬ ಉತ್ತರ ಬರುವುದು ಇಂದು ಸರ್ವಸಾಮಾನ್ಯವಾಗಿದೆ. ಈ ಹಂಬಲ ಅಲ್ಪವಾದುದಲ್ಲ. ರೋಗಿಯ ಶುಶ್ರೂಷೆ ಶ್ರೇಷ್ಠವಾದ ಕಾಯಕ. ಆರೋಗ್ಯದಾನವು ದಾಸೋಹದ ಒಂದು ಉತ್ತಮ ರೂಪ. ಆದರೆ ಹಂಬಲಕ್ಕೂ ಸಿದ್ಧಿಗೂ ನಡುವಣ ದಾರಿಯನ್ನು ಮಕ್ಕಳಿಗೂ ಅವರ ತಂದೆತಾಯಿಗಳಿಗೂ ಇದ್ದುದನ್ನು ಇದ್ದಂತೆ ತಿಳಿಸಿ ಹೇಳುವವರು ವಿರಳ. ಕನ್ನಡ ಪಂಡಿತನಿಗೆ ಈ ವಿಷಯದಲ್ಲಿ ಏನು ಅಧಿಕಾರವೆಂದು ಕೆಲವರಿಗೆ ತೋರೀತು. ಹಳ್ಳಿಯ ಪಾಲಕರು ಮಕ್ಕಳ ಭವಿಷ್ಯದ ಮಾತೆತ್ತಿದಾಗ ಸಲಿಗೆಯಿಂದ ಬಂದು ಕೇಳುವುದು ಬಹುಮಟ್ಟಿಗೆ ಕನ್ನಡ ಮೇಷ್ಟ್ರನ್ನೇ ಎಂಬುದು ನನ್ನ ಅನುಭವ.

ಹಿಂದಿನ ಕಥೆಯನ್ನು ಸಂಕ್ಷೇಪವಾಗಿ ನೆನೆಯುವುದು ಒಳ್ಳೆಯದು. ಮೈಸೂರಿನ ವೈದ್ಯಕೀಯ ಕಾಲೇಜು 1924ರಲ್ಲಿ, ಹುಬ್ಬಳ್ಳಿಯದು 1957ರಲ್ಲಿ ಆರಂಭವಾದವು. 1963ರಲ್ಲಿ ಬೆಳಗಾವಿ ಮತ್ತು ಕಲಬುರಗಿಗಳಲ್ಲಿ, 1965ರಲ್ಲಿ ದಾವಣಗೆರೆಯಲ್ಲಿ ಖಾಸಗಿ ವಿದ್ಯಾಸಂಸ್ಥೆಗಳು, 1984ರಲ್ಲಿ ಮೈಸೂರಿನಲ್ಲಿ ಸುತ್ತೂರು ಶ್ರೀಮಠದ ವಿದ್ಯಾಪೀಠ ಇಂತಹ ಕಾಲೇಜುಗಳನ್ನು ತೆರೆದವು. ಸೀಟುಗಳು ಹೆಚ್ಚಿದಂತೆ ಬೇಡಿಕೆಯೂ ಹೆಚ್ಚಿತು. ಬೇಡಿಕೆಯ ಬೆನ್ನಿಗೆ ‘ಡೊನೇಷನ್’ ಎಂಬ ಪಿಡುಗು ಬಂದಿತು. ಅದನ್ನು ತಡೆಯಲು ನಮ್ಮ ರಾಜ್ಯ 1984ರಲ್ಲಿ ಕಾಯಿದೆ ಮಾಡಿತು. 1992ರಲ್ಲಿ ಸರ್ವೋಚ್ಚ ನ್ಯಾಯಾಲಯವು ಮೋಹಿನಿ ಜೈನ್ ಪ್ರಕರಣದಲ್ಲಿ ಕ್ಯಾಪಿಟೇಷನ್ ಶುಲ್ಕವನ್ನು ಖಂಡಿಸಿತು. 1994ರಿಂದ ಸಿಇಟಿ, 2016ರಿಂದ ವೈದ್ಯಕೀಯಕ್ಕೆ ದೇಶಕ್ಕೆಲ್ಲ ಒಂದೇ ಆದ ನೀಟ್ ಪರೀಕ್ಷೆ ನೆಲೆಗೊಂಡಿತು.

ಈ ಪರೀಕ್ಷೆಯ ವಿಚಾರದಲ್ಲಿ ನಮ್ಮವರನ್ನು ದಿಕ್ಕುಗೆಡಿಸುವುದು ‘ಅರ್ಹ’ ಎಂಬ ಒಂದು ಶಬ್ದ. 2025ರಲ್ಲಿ ಪ್ರಶ್ನೆಗಳು 180, ಅಂಕಗಳು 720. ಸರಿಯುತ್ತರಕ್ಕೆ ನಾಲ್ಕು ಅಂಕ. ತಪ್ಪುತ್ತರಕ್ಕೆ ಒಂದಂಕ ಕಡಿತ. ಆ ವರ್ಷ ಪರೀಕ್ಷೆಗೆ ಕುಳಿತವರು 22 ಲಕ್ಷಕ್ಕೂ ಮಿಗಿಲು. ಅರ್ಹರೆನಿಸಿದವರು 12 ಲಕ್ಷಕ್ಕೂ ಮಿಗಿಲು. ದೇಶದ ಎಂಬಿಬಿಎಸ್ ಸೀಟುಗಳಾದರೋ ಒಂದು ಲಕ್ಷದ ಚಿಲ್ಲರೆ ಮಾತ್ರ! ಸಾಮಾನ್ಯ ವರ್ಗದಲ್ಲಿ ಅರ್ಹತೆಯೆಂದರೆ ಬರೆದವರಲ್ಲಿ ಅರ್ಧದಷ್ಟು ಜನರಿಗಿಂತ ಮೇಲಿರುವುದು, ಅಷ್ಟೆ. ವ್ಯಾಕರಣದಲ್ಲಿ ‘ಅರ್ಹ’ನೆಂದರೆ ಯೋಗ್ಯನಾದವನು, ದೊರಕಿಸಿಕೊಂಡವನಲ್ಲ. ಈ ಭೇದವನ್ನರಿಯದೆ ಮಗನೋ ಮಗಳೋ ‘ಪಾಸಾದರು’ ಎಂದು ಪೇಡೆ ಹಂಚಿ, ಸೀಟು ದೊರೆಯದಾದಾಗ ಹೊಲ ಅಡವಿಟ್ಟು ವರ್ಷಕ್ಕೆ ಹತ್ತು ಲಕ್ಷ ಮೀರಿದ ಶುಲ್ಕ ಕಟ್ಟಲು ಹೊರಡುವ ರೈತರನ್ನು ನಾನು ಬಲ್ಲೆ. ಒಂದು ವರ್ಷ ಕಟ್ಟಿದರೆ ಮುಗಿಯಲಿಲ್ಲ. ವ್ಯಾಸಂಗ ನಾಲ್ಕೂವರೆ ವರ್ಷ, ಅನಂತರ ಒಂದು ವರ್ಷದ ಇಂಟರ್ನ್‌ಶಿಪ್.

ಹಾಗಾದರೆ ಹಳ್ಳಿಯ ಬಡ ಮಕ್ಕಳಿಗೆ ದಾರಿಯೇ ಇಲ್ಲವೆ? ಇದೆ. ಆದರೆ ಆ ದಾರಿಯನ್ನು ಅನೇಕ ಪಾಲಕರು ಆತುರದಿಂದ ತಾವೇ ಮುಚ್ಚುತ್ತಿದ್ದಾರೆ. ರಾಜ್ಯ ಸರ್ಕಾರ ಹಂಚುವ ಸೀಟುಗಳಲ್ಲಿ ಗ್ರಾಮೀಣ ಅಭ್ಯರ್ಥಿಗಳಿಗೆ ಶೇಕಡಾ 15, ಕನ್ನಡ ಮಾಧ್ಯಮದವರಿಗೆ ಶೇಕಡಾ 5 ಮೀಸಲಾತಿ ಇದೆ. ಎರಡಕ್ಕೂ ಒಂದರಿಂದ ಹತ್ತನೆಯ ತರಗತಿಯವರೆಗೆ ಹತ್ತೂ ವರ್ಷದ ವ್ಯಾಸಂಗ ಬೇಕು. ಒಂಬತ್ತು ವರ್ಷ ಸಾಲದು.

ಕೆಲವು ವರ್ಷಗಳ ಹಿಂದೆ ನಮ್ಮ ಶಾಲೆಯಲ್ಲಿ ಏಳನೆಯ ತರಗತಿ ಮುಗಿಸಿದ ಒಬ್ಬ ಹುಡುಗಿಯ ತಂದೆ ವರ್ಗಾವಣೆ ಪತ್ರ ಕೇಳಿಕೊಂಡು ಬಂದರು. ಅವರದು ಮೂರೆಕರೆ ಮಳೆಯಾಶ್ರಿತ ಹೊಲ. “ಪಂಡಿತರ, ಹುಡುಗಿ ಡಾಕ್ಟರ್ ಆಗಬೇಕಂದ್ರ ಇಂಗ್ಲಿಷ್ ಶಾಲಿಗೆ ಹಾಕಬೇಕಂತ ಎಲ್ಲಾರೂ ಹೇಳ್ತಾರ್ರಿ” ಎಂದರು. ಪಟ್ಟಣದ ಆ ಶಾಲೆಯಲ್ಲಿ ಎಂಟನೆಯ ತರಗತಿಯಿಂದಲೇ ನೀಟ್ ತರಬೇತಿಯಂತೆ. ನಾನು ಅವರನ್ನು ಕೂರಿಸಿಕೊಂಡು ಹತ್ತು ವರ್ಷದ ನಿಯಮವನ್ನು ವಿವರಿಸಿ, “ಯಜಮಾನರೇ, ಈಗ ಹುಡುಗಿಯನ್ನು ಕರೆದೊಯ್ದರೆ ಇಲ್ಲಿಯ ಏಳು ವರ್ಷದ ಓದು ಮೀಸಲಾತಿಯ ಲೆಕ್ಕಕ್ಕೆ ಬಾರದೆ ಹೋಗುತ್ತದೆ. ಇನ್ನು ಮೂರು ವರ್ಷ ತಾಳಿಕೊಳ್ಳಿ” ಎಂದೆ. ಅವರು ಬಹಳ ಹೊತ್ತು ಸುಮ್ಮನಿದ್ದು, ಹುಡುಗಿಯನ್ನು ನಮ್ಮಲ್ಲಿಯೇ ಉಳಿಸಿದರು.

ಭಾಷೆಯ ತೊಡಕು ಸುಳ್ಳೆಂದು ನಾನು ಹೇಳಲಾರೆ. ನೀಟ್ ಪ್ರಶ್ನೆಪತ್ರಿಕೆ 2017ರಿಂದ ಕನ್ನಡದಲ್ಲಿಯೂ ದೊರೆಯುತ್ತದೆ. ಆದರೆ ಅನುವಾದದಲ್ಲಿ ಸಂದೇಹ ಬಂದರೆ ಇಂಗ್ಲಿಷ್ ಪಾಠವೇ ಪ್ರಮಾಣ. ಪಿಯುಸಿ ವಿಜ್ಞಾನದ ಬೋಧನೆಯೂ ಇಂಗ್ಲಿಷಿನಲ್ಲಿಯೇ. ಆ ಹುಡುಗಿ ಪಿಯುಸಿಗೆ ಸೇರಿದ ಮೊದಲ ತಿಂಗಳಲ್ಲೇ ಕಣ್ಣೀರಿಡುತ್ತ ನನ್ನ ಬಳಿಗೆ ಬಂದಳು. ಹೃತ್ಕರ್ಣ, ಹೃತ್ಕುಕ್ಷಿಗಳ ಕಾರ್ಯವನ್ನು ನಿರರ್ಗಳವಾಗಿ ಹೇಳಬಲ್ಲವಳು ಏಟ್ರಿಯಂ, ವೆಂಟ್ರಿಕಲ್ ಎಂದರೆ ತಬ್ಬಿಬ್ಬಾಗುತ್ತಿದ್ದಳು. ಅವಳಿಗೆ ವಸ್ತು ಗೊತ್ತಿತ್ತು, ಹೆಸರು ಗೊತ್ತಿರಲಿಲ್ಲ. ನಾನು ವಿದ್ವತ್ ಪರೀಕ್ಷೆಗೆ ಓದುವಾಗ ಅಮರಕೋಶವನ್ನು ಕಂಠಪಾಠ ಮಾಡಿದವನು. ಒಂದೇ ವಸ್ತುವಿಗೆ ಹತ್ತು ಹೆಸರುಗಳಿರುವುದು ನನಗೆ ಹೊಸದಲ್ಲ. ಒಂದು ನೂರು ಪುಟದ ನೋಟ್‌ಬುಕ್ಕಿನಲ್ಲಿ ಎಡಕ್ಕೆ ಕನ್ನಡದ ಪಾರಿಭಾಷಿಕ ಪದ, ಬಲಕ್ಕೆ ಇಂಗ್ಲಿಷಿನ ಪದ, ದಿನಕ್ಕೆ ಹತ್ತರಂತೆ ಬರೆಯಹೇಳಿದೆ. ದ್ಯುತಿಸಂಶ್ಲೇಷಣೆಯೇ ಫೋಟೋಸಿಂಥಸಿಸ್ ಎಂದು ಕಂಡಾಗ, ಎರಡೂ ‘ಬೆಳಕಿನಿಂದ ಕೂಡಿಸುವುದು’ ಎಂಬ ಒಂದೇ ಅರ್ಥದವೆಂದು ಅವಳೇ ಬಿಡಿಸಿ ಹೇಳಿದಳು. ದೀಪಾವಳಿಯ ಹೊತ್ತಿಗೆ ಅಳು ನಿಂತಿತ್ತು. ಹತ್ತು ವರ್ಷ ಕನ್ನಡದಲ್ಲಿ ಅರಿತು ಓದಿದುದು ಅವಳಿಗೆ ಹೊರೆಯಾಗದೆ ಅಡಿಪಾಯವಾಯಿತು.

ಆಕೆ 2025ರಲ್ಲಿ ನೀಟ್ ಬರೆದಳು. ಅರ್ಹಳಾದಳು, ಎಂಬಿಬಿಎಸ್ ಸೀಟು ಮಾತ್ರ ಸ್ವಲ್ಪದರಲ್ಲಿ ತಪ್ಪಿತು. ತಂದೆ ಹೊಲ ಮಾರುವ ಮಾತೆತ್ತಿದರು. “ಅಪ್ಪಾ, ಹೊಲ ಹೋದ್ರ ತಮ್ಮ ಏನ್ ಓದ್ಯಾನು?” ಎಂದು ಮಗಳೇ ತಡೆದಳು. ನೀಟ್ ಜೊತೆಗೆ ಸಿಇಟಿಯನ್ನೂ ಬರೆದಿದ್ದಳಾದ್ದರಿಂದ ಪಶುವೈದ್ಯಕೀಯ ಪದವಿಗೆ ಸರ್ಕಾರಿ ಸೀಟು ದೊರೆಯಿತು. ಗ್ರಾಮೀಣ ಮತ್ತು ಕನ್ನಡ ಮಾಧ್ಯಮದ ಪ್ರಮಾಣಪತ್ರಗಳು ಅಲ್ಲಿ ಸಾರ್ಥಕವಾದವು. ರಜೆಗೆ ಊರಿಗೆ ಬಂದರೆ ಅಕ್ಕಪಕ್ಕದವರು ತಮ್ಮ ಎಮ್ಮೆ ಆಕಳುಗಳ ಕಾಯಿಲೆ ಹೇಳಿಕೊಂಡು ಅವಳ ಬಾಗಿಲಿಗೆ ಬರುತ್ತಾರೆ. “ನಾನಿನ್ನೂ ಕಲಿಯಾಕತ್ತೀನಿ” ಎಂದರೂ ಬಿಡರು.

ಆದುದರಿಂದ ಪಾಲಕರಲ್ಲಿ ನನ್ನ ವಿನಂತಿ ಇಷ್ಟೆ. ಮಗುವಿನ ಹತ್ತು ವರ್ಷದ ವ್ಯಾಸಂಗವನ್ನು ಪರರ ಮಾತು ಕೇಳಿ ಕಡಿಯಬೇಡಿರಿ. ಶಾಲೆಯ ದಾಖಲೆಗಳಲ್ಲಿ ಹೆಸರು, ಜನ್ಮದಿನಾಂಕ, ಮಾಧ್ಯಮಗಳು ಸರಿಯಾಗಿವೆಯೇ ಎಂದು ಹತ್ತನೆಯ ತರಗತಿಯಲ್ಲಿರುವಾಗಲೇ ನೋಡಿಕೊಂಡು, ವ್ಯಾಸಂಗ ಪ್ರಮಾಣಪತ್ರಗಳಿಗೆ ಮುಖ್ಯೋಪಾಧ್ಯಾಯರ ಸಹಿಯನ್ನೂ ಕ್ಷೇತ್ರ ಶಿಕ್ಷಣಾಧಿಕಾರಿಗಳ ಮೇಲುಸಹಿಯನ್ನೂ ಸಕಾಲದಲ್ಲಿ ಪಡೆಯಿರಿ. ನೀಟ್ ಬರೆಯುವ ಮಗು ಸಿಇಟಿಯನ್ನೂ ತಪ್ಪದೆ ಬರೆಯಲಿ. ಸೀಟು ದೊರೆಯದ ಮಗುವನ್ನು ದಡ್ಡನೆನ್ನಬೇಡಿರಿ. ಲಕ್ಷಾಂತರ ಯೋಗ್ಯರಿಗೆ ಅದು ದೊರೆಯದಿರುವುದು ಸೀಟುಗಳ ಕೊರತೆಯಿಂದ. ಇನ್ನು ನನ್ನ ಸಹೋದ್ಯೋಗಿಗಳಲ್ಲಿ ಅರಿಕೆಯೆಂದರೆ, ನಾವು ಬರೆದಿಡುವ ದಾಖಲೆಯ ಒಂದೊಂದು ಸಾಲೂ ಒಂದು ಮನೆತನದ ಭಾಗ್ಯವನ್ನು ತಿರುಗಿಸಬಲ್ಲುದು. ಅದನ್ನು ಪೂಜೆಯಷ್ಟೇ ಶ್ರದ್ಧೆಯಿಂದ ಬರೆಯೋಣ.

ಅನ್ನ, ಆಶ್ರಯ, ಅಕ್ಷರಗಳನ್ನಿತ್ತು ಸಾವಿರಾರು ಬಡ ಮಕ್ಕಳನ್ನು ಸಲಹುತ್ತಿರುವ ಶ್ರೀಮಠದ ಈ ವಿದ್ಯಾಲಯದಿಂದ ಮನುಷ್ಯರ ವೈದ್ಯರೂ ಪಶುಗಳ ವೈದ್ಯರೂ ಮತ್ತಷ್ಟು ಮಂದಿ ಹೊರಬರಲಿ, ಅವರ ಕಾಯಕ ಹಳ್ಳಿಗಳನ್ನು ಮುಟ್ಟಲಿ ಎಂದು ಪರಮಪೂಜ್ಯ ಶ್ರೀಗಳವರ ಸನ್ನಿಧಿಯಲ್ಲಿ ಭಕ್ತಿಪೂರ್ವಕವಾಗಿ ಪ್ರಾರ್ಥಿಸಿ, ಈ ಎರಡು ಮಾತುಗಳನ್ನು ಮುಗಿಸುತ್ತೇನೆ.