ತಾಯಿಗೆ ತೋರಿಸಿದ್ದು

ಭಾಲ್ಕಿ ತಾಲ್ಲೂಕಿನ ಸಾಯಗಾಂವ ಮಹಾರಾಷ್ಟ್ರದ ಗಡಿಭಾಗದ ಊರು. ಮನೆಯಲ್ಲಿ ಕನ್ನಡ, ಸಂತೆಯಲ್ಲಿ ಮರಾಠಿ. ಕೆಲವು ಮನೆಗಳಲ್ಲಿ ಇದು ತಿರುವುಮುರುವು. ಈ ಸೀಮೆಯ ಎಳ್ಳ ಅಮಾವಾಸ್ಯೆಯನ್ನು ಗಡಿಯಾಚೆಯ ಲಾತೂರಿನವರು ವೇಳಾ ಅಮಾವಾಸ್ಯೆ ಎನ್ನುತ್ತಾರೆ. ಹೆಸರು ಬೇರೆಯಾದರೂ ಹಬ್ಬ ಒಂದೇ. ಆ ದಿನ ಊರಿಗೆ ಊರೇ ಹೊಲಕ್ಕೆ ನಡೆಯುತ್ತದೆ. ಜೋಳದ ಕಣಿಕೆಯಿಂದ ಗುಡಿಸಲು ಕಟ್ಟಿ, ಐದು ಕಲ್ಲುಗಳನ್ನು ಪಾಂಡವರೆಂದು ಪೂಜಿಸಿ, ತಲೆಯ ಮೇಲೆ ಹೊತ್ತು ತಂದ ಭಜ್ಜಿ, ಅಂಬಲಿ, ರೊಟ್ಟಿಗಳನ್ನು ಹಂಚಿ ಉಣ್ಣುತ್ತಾರೆ. ಹೊಲವಿಲ್ಲದವರನ್ನೂ, ಪೇಟೆಯ ನೆಂಟರನ್ನೂ, ಪುಣೆ-ಹೈದರಾಬಾದುಗಳಿಗೆ ದುಡಿಯಲು ಹೋದ ಮಕ್ಕಳನ್ನೂ ತಪ್ಪದೆ ಕರೆಯುತ್ತಾರೆ. ಇದು ಭೂಮಿತಾಯಿಯ ಬಯಕೆ ತೀರಿಸುವ ಆಚರಣೆ ಎಂಬ ವಿವರಣೆಯುಂಟು, ಅದು ಸರಿಯೇ. ಜೊತೆಗೆ, ವರ್ಷದುದ್ದಕ್ಕೂ ತಾವು ಬೆವರು ಸುರಿಸಿದ ಜಾಗವನ್ನು ನಾಲ್ಕು ಜನ ಬಂದು ನೋಡಲಿ ಎಂಬ ಕರೆಯೂ ಅದರಲ್ಲಿದೆ. ಒಕ್ಕಲಿಗನ ಮಕ್ಕಳಿಗಂತೂ ಆ ಕರೆ ಬೇಕಿಲ್ಲ. ಮಧ್ಯಾಹ್ನದ ಬುತ್ತಿ ಒಯ್ಯುವ ವಯಸ್ಸಿನಿಂದಲೇ ಅಪ್ಪನ ಕೆಲಸವೇನೆಂಬುದು ಅವರಿಗೆ ಗೊತ್ತು.

ಮಕ್ಕಳು ದೊಡ್ಡವರಾಗಿ ಪಟ್ಟಣ ಸೇರಿದ ಮೇಲೆ ಈ ತಿಳಿವು ಒಮ್ಮುಖವಾಯಿತು. ಮಗನಿಗೆ ಅಪ್ಪನ ಹೊಲದ ಬದು ಬದುವೂ ಗೊತ್ತು. ಅಪ್ಪನಿಗೆ ಮಗನ ಕೆಲಸದ ಹೆಸರೂ ನಾಲಿಗೆಗೆ ಹೊರಳದು. ಈ ಕೊರತೆ ಸಾಯಗಾಂವದ್ದು ಮಾತ್ರವಲ್ಲ. ತಮ್ಮ ಮಕ್ಕಳು ಮಾಡುವ ಉದ್ಯೋಗವೇನೆಂದು ತಂದೆತಾಯಿಗಳಿಗೇ ತಿಳಿಯದೆಂಬುದನ್ನು ಮನಗಂಡು ಲಿಂಕ್ಡ್‌ಇನ್ ಸಂಸ್ಥೆ 2013ರಲ್ಲಿ ಹೆತ್ತವರನ್ನು ಕಚೇರಿಗೆ ಕರೆಸುವ ದಿನವೊಂದನ್ನು ಹಲವು ದೇಶಗಳಲ್ಲಿ ಆರಂಭಿಸಿತು. ಬೆಂಗಳೂರಿನ ಕಂಪನಿಗಳಿಗೂ ಇಂಥ ಕುಟುಂಬ ದಿನಗಳು ಈಗ ಹೊಸವಲ್ಲ.

ಅಂಥದೊಂದು ದಿನ ಈ ಭಾಗದ ತಾಯಿಯೊಬ್ಬಳು ರೈಲಿನಲ್ಲಿ ರಾತ್ರಿಯಿಡೀ ಕುಳಿತು ಬೆಂಗಳೂರಿಗೆ ಹೋದಳು. ಬಾಗಿಲಲ್ಲಿ ಕೊರಳಿಗೆ ಚೀಟಿ ಹಾಕಿದರು. ಲಿಫ್ಟು, ಗಾಜಿನ ಗೋಡೆ, ಊಟದ ಸಾಲು ಎಲ್ಲವನ್ನೂ ಮಗ ಉತ್ಸಾಹದಿಂದ ತೋರಿಸಿದ. ಕೊನೆಗೆ ಅವನ ಕುರ್ಚಿಯ ಮುಂದೆ ನಿಂತ ಆಕೆ, ‘ಇದ್ರಾಗ ನಿನ್ ಕೆಲ್ಸ ಎಲ್ಲದ?’ ಎಂದು ಕೇಳಿದಳು. ‘ಇದ್ರಾಗೇ ಅದ ಅವ್ವಾ’ ಎಂದು ಅವನು ಕಂಪ್ಯೂಟರಿನ ಪರದೆಯನ್ನು ತೋರಿದ. ಆಕೆ ಅದನ್ನು ಕ್ಷಣಹೊತ್ತು ನೋಡಿ, ಕುರ್ಚಿಯ ಬೆನ್ನನ್ನು ಅಂಗೈಯಿಂದ ಒತ್ತಿ ನೋಡಿದಳು. ದಿನವಿಡೀ ಕೂರುವ ಮಗನ ನಡುವಿಗೆ ಅದು ಹಿತವೋ ಅಲ್ಲವೋ ಎಂಬುದು ಆಕೆಗೆ ಅರ್ಥವಾಗುವ ಸಂಗತಿ. ಕಚೇರಿ ತೋರಿಸಲು ಬಯಸಿದ್ದು ಒಂದು, ಆಕೆ ಕಂಡದ್ದು ಇನ್ನೊಂದು.

ತಾಯಿಗೆ ಏನನ್ನೋ ತೋರಿಸಲು ಹೊರಟ ಮಗನ ಕಥೆ ಕನ್ನಡ ಜೈನ ಪರಂಪರೆಗೆ ಚಿರಪರಿಚಿತ. ಗಂಗ ರಾಚಮಲ್ಲನ ಮಂತ್ರಿ ಚಾವುಂಡರಾಯನ ತಾಯಿ ಕಾಳಲಾದೇವಿ ಪೌದನಪುರದ ಬಾಹುಬಲಿಯ ಬಿಂಬವನ್ನು ಕಾಣಬಯಸಿದಳು. ಮಗ ಆಕೆಯನ್ನು ಕರೆದುಕೊಂಡು ಹೊರಟ. ದಾರಿಯಲ್ಲಿ ಬೆಳಗೊಳದಲ್ಲಿ ತಂಗಿದಾಗ, ಆ ಬಿಂಬ ಅಗಮ್ಯವೆಂದು ಕನಸಿನಲ್ಲಿ ತಿಳಿದು, ಎದುರಿನ ಬೆಟ್ಟದಲ್ಲೇ ಗೊಮ್ಮಟನನ್ನು ಮಾಡಿಸಿದ. ಪೌದನಪುರವನ್ನು ಇಂದಿನ ತೆಲಂಗಾಣದ ಬೋಧನ್ ಎಂದು ಗುರುತಿಸುವ ವಿದ್ವಾಂಸರಿದ್ದಾರೆ. ಆ ಗುರುತು ಸರಿಯಾದರೆ, ಭಾಲ್ಕಿ ತಾಲ್ಲೂಕನ್ನು ಹಾದು ಹರಿಯುವ ಮಾಂಜ್ರಾ ನದಿಯೇ ಮುಂದೆ ಬೋಧನ್ ಸೀಮೆಯಲ್ಲಿ ಗೋದಾವರಿಯನ್ನು ಸೇರುತ್ತದೆ. ಕಾಳಲಾದೇವಿ ಮುಟ್ಟಲಾಗದ ಊರು ಸಾಯಗಾಂವದವರಿಗೆ ಅಷ್ಟೇನೂ ದೂರದ್ದಲ್ಲ.

ಈ ಕಥೆಯನ್ನು ಇತಿಹಾಸವೆಂದು ಒಪ್ಪುವ ಮೊದಲು ತುಸು ತಡೆಯಬೇಕು. ಗೊಮ್ಮಟನ ಪಾದದ ಬಳಿಯ ಬರಹಗಳು ಕನ್ನಡ, ತಮಿಳು, ಮರಾಠಿಗಳಲ್ಲಿ ಚಾವುಂಡರಾಯ ಮಾಡಿಸಿದನೆಂದು ಹೇಳುತ್ತವೆ. ಅಲ್ಲಿಯ ಮರಾಠಿ ಸಾಲು ಆ ಭಾಷೆಯ ಅತಿ ಹಳೆಯ ಬರಹಗಳಲ್ಲೊಂದೆಂದು ಬಹುಕಾಲದಿಂದ ಎಣಿಕೆಯಾಗಿದೆ. ಮೂರು ಭಾಷೆಗಳಲ್ಲಿ ಮಗನ ಹೆಸರಿದೆ, ಒಂದರಲ್ಲೂ ತಾಯಿಯ ಹೆಸರಿಲ್ಲ. ತಾಯಿಯ ಪಾತ್ರ ಬೆಳೆದು ನಿಲ್ಲುವುದು ಬಹಳ ಮುಂದಿನ ಚರಿತೆಗಳಲ್ಲಿ, ಸ್ಥಳಪುರಾಣಗಳಲ್ಲಿ. ಕಲ್ಲು ಬಿಟ್ಟದ್ದನ್ನು ಜನ ಸೇರಿಸಿಕೊಂಡರು. ಇಷ್ಟು ದೊಡ್ಡ ಕೆಲಸವನ್ನು ನೋಡಲು ಮೊದಲು ಬಂದವಳು ತಾಯಿಯಾಗಿರಬೇಕೆಂದು ಅವರಿಗೆ ತೋರಿರಬೇಕು.

ಆದರೆ ಚಾವುಂಡರಾಯನ ದಿನನಿತ್ಯದ ಕೆಲಸವಾದರೂ ಯಾವುದು? ಆತ ದಂಡನಾಯಕ. ಸಮರಪರಶುರಾಮ, ವೀರಮಾರ್ತಾಂಡ, ರಣರಂಗಸಿಂಗ ಎಂಬ ಬಿರುದುಗಳು ಬಂದದ್ದು ಕಾಳಗಗಳಿಂದ. 978ರಲ್ಲಿ ಗದ್ಯದಲ್ಲಿ ಪುರಾಣ ಬರೆದದ್ದೂ, ಅದರ ಬೆನ್ನಿಗೇ ಗೊಮ್ಮಟನನ್ನು ನಿಲ್ಲಿಸಿದ್ದೂ ಆ ಕಾಳಗಗಳ ಬಿಡುವಿನಲ್ಲಿ. ಯಾವ ಕಥೆಯೂ ಕಾಳಲಾದೇವಿಯನ್ನು ಮಗನ ರಣರಂಗಕ್ಕೆ ಕರೆದೊಯ್ಯುವುದಿಲ್ಲ. ಮಗ ಶಸ್ತ್ರದಿಂದ ಏನು ಮಾಡುತ್ತಿದ್ದನೆಂಬುದು ಆಕೆಯ ಕಣ್ಣಿಗೆ ಬೀಳಲಿಲ್ಲ. ಬಿದ್ದದ್ದು ಶಸ್ತ್ರವನ್ನೂ ರಾಜ್ಯವನ್ನೂ ತೊರೆದು ನಿಂತವನ ಮೂರ್ತಿ. ತಾಯಿಗೆ ಏನನ್ನು ತೋರಿಸಬೇಕೆಂಬ ಆಯ್ಕೆ ಮಗನದಾಗಿತ್ತು.

ಆ ಆಯ್ಕೆ ಇಂದಿಗೂ ಮಕ್ಕಳ ಕೈಯಲ್ಲೇ ಇದೆ. ಬೀದರ ಜಿಲ್ಲೆಯ ಗಡಿಹಳ್ಳಿಗಳಿಂದ ಪುಣೆಗೆ, ಹೈದರಾಬಾದಿಗೆ ಹೋದವರಲ್ಲಿ ಗಾಜಿನ ಕಚೇರಿ ಸೇರಿದವರು ಕೆಲವರು. ಉಳಿದವರು ಕಟ್ಟಡದ ಕೆಲಸದಲ್ಲಿ, ಹೋಟೆಲಿನ ಅಡುಗೆಮನೆಯಲ್ಲಿ, ಅಪಾರ್ಟ್‌ಮೆಂಟುಗಳ ಗೇಟಿನಲ್ಲಿ ಇದ್ದಾರೆ. ಅವರ ಹೆತ್ತವರಿಗೆ ಯಾವ ಕಂಪನಿಯೂ ಆಮಂತ್ರಣ ಕಳಿಸುವುದಿಲ್ಲ. ಪುಣೆಯಲ್ಲಿ ಕಾವಲು ಕೆಲಸದಲ್ಲಿರುವ ಇಂಥ ಒಬ್ಬ ಯುವಕ ಮನೆಯಲ್ಲಿ ‘ಕಂಪನಿಯಾಗ ಇದೀನಿ’ ಎಂದಷ್ಟೇ ಹೇಳಿದ್ದ. ಅದು ಸುಳ್ಳೇನಲ್ಲ, ಸಂಬಳ ಕೊಡುವುದು ಕಂಪನಿಯೇ. ತಾಯಿ ನೋಡಬೇಕೆಂದು ಹಟ ಹಿಡಿದು ಹೋದಾಗ, ಬಸ್‌ನಿಲ್ದಾಣದಿಂದಲೇ ಆಕೆಯನ್ನು ದಗಡೂಶೇಟ್ ಗಣಪತಿಗೆ ಕರೆದೊಯ್ದ, ಶನಿವಾರವಾಡೆ ತೋರಿಸಿದ, ಸೀರೆ ಕೊಡಿಸಿದ. ಗೇಟನ್ನು ತೋರಿಸಲಿಲ್ಲ. ರಾತ್ರಿ ಪಾಳಿಯಿದೆಯೆಂದು ಆಕೆಯನ್ನು ಸಂಜೆಯ ಬಸ್ಸಿಗೇ ಹತ್ತಿಸಿದ.

ಅವನನ್ನು ಹಳಿಯುವುದು ಸುಲಭ. ಕಾವಲು ಕೆಲಸದಲ್ಲಿ ನಾಚಿಕೆಪಡುವಂಥದ್ದೇನಿದೆ ಎಂದು ಕೇಳುವವರು, ತಮ್ಮ ಅಪಾರ್ಟ್‌ಮೆಂಟಿನ ಕಾವಲುಗಾರನೊಡನೆ ತಾವು ಯಾವ ದನಿಯಲ್ಲಿ ಮಾತಾಡುತ್ತೇವೆಂದು ಒಮ್ಮೆ ಆಲಿಸಬೇಕು. ಆ ದನಿ ತಾಯಿಯ ಕಿವಿಗೆ ಬೀಳಬಾರದೆಂಬುದು ಅವನ ಎಚ್ಚರ. ಚಾವುಂಡರಾಯ ಹೊಸದೊಂದನ್ನು ನಿಲ್ಲಿಸಿ ತೋರಿಸಬಲ್ಲವನಾಗಿದ್ದ. ಇವನು ಇದ್ದುದರಲ್ಲಿ ಚೆಂದವಾದದ್ದನ್ನು ತೋರಿಸಿದ.

ಊರಿಗೆ ಬಂದ ತಾಯಿ ನೆರೆಹೊರೆಯವರೆದುರು ಗಣಪತಿಯ ಬಂಗಾರದ ಕಿವಿಗಳನ್ನು ಬಣ್ಣಿಸಿದಳು. ಮಗನ ಕಂಪನಿ ಹೇಗಿದೆಯೆಂದು ಕೇಳಿದಾಗ, ‘ಛಲೋ ಅದ’ ಎಂದಳು. ಆ ವರ್ಷ ಎಳ್ಳ ಅಮಾವಾಸ್ಯೆಗೆ ಮಗ ಒಂದು ದಿನದ ರಜೆ ಹಾಕಿ ಬಂದ. ಹೊಲದಲ್ಲಿ ಎಲ್ಲರೂ ಕಣಿಕೆಯ ಗುಡಿಸಲಿನ ಮುಂದೆ ಉಣ್ಣುತ್ತ ಕುಳಿತಿದ್ದಾಗ ಆಕೆ ಅವನ ಬಟ್ಟಲಿಗೆ ಅಂಬಲಿ ಹೊಯ್ಯುತ್ತ, ಯಾರಿಗೂ ಕೇಳದಂತೆ, ‘ರಾತ್ರಿ ನಿಂದರಾಕ ಕಾಲ್ ನೋಯ್ತಾವೇನೋ?’ ಎಂದು ಕೇಳಿದಳು.