ಡಬ್ಬಿ ಬದಲಾದರೆ ಸಾಲದು

ಅಜ್ಜಿಯ ವರ್ಷದ ಕಾರ್ಯಕ್ಕೆ ಚಿತ್ರದುರ್ಗಕ್ಕೆ ಹೊರಟಾಗ ಬ್ಯಾಗಿನಲ್ಲೊಂದು ಪೆನ್‌ಡ್ರೈವ್ ಇತ್ತು. ಅದರಲ್ಲಿ ಚಂದ್ರವಳ್ಳಿ ಕೆರೆ ಹತ್ರ ಕೂತು ಅಜ್ಜಿ ಹಳೇ ಕಥೆ ಹೇಳಿದ ವಿಡಿಯೊ. ಮ್ಯಾಕ್‌ನಲ್ಲಿ ಎರಡು ವಾರ ಎಡಿಟ್ ಮಾಡಿ, ಪ್ರೊರೆಸ್‌ನಲ್ಲಿ ಎಕ್ಸ್‌ಪೋರ್ಟ್ ಮಾಡಿದ್ದೆ.

ಅಪ್ಪನ ಹಳೇ ವಿಂಡೋಸ್ ಕಂಪ್ಯೂಟರಿನಲ್ಲಿ ಅದು ಓಪನ್ ಆಗಲೇ ಇಲ್ಲ. "ಇಂಜಿನಿಯರ್ ಆಗಿ ಇದೇನಪ್ಪಾ?" ಅಂದರು. ಗಡಿಬಿಡಿಯಲ್ಲಿ ಫೈಲ್ ಹೆಸರಿನ ಕೊನೆಯ 'ಎಂಒವಿ' ಅಳಿಸಿ 'ಎಂಪಿ4' ಅಂತ ಬರೆದೆ. ಆಗಲೂ ಇಲ್ಲ. ಉಪ್ಪಿನ ಡಬ್ಬಿ ಮೇಲೆ ಸಕ್ಕರೆ ಅಂತ ಬರೆದರೆ ಸಿಹಿಯಾಗುತ್ತಾ? ಒಳಗಿನ ಕೋಡೆಕ್ಕೇ ಬದಲಾಗಬೇಕು.

ಪುಣ್ಯಕ್ಕೆ ಲ್ಯಾಪ್‌ಟಾಪ್ ತಂದಿದ್ದೆ. ಹ್ಯಾಂಡ್‌ಬ್ರೇಕ್ ಎಂಬ ಉಚಿತ ಸಾಫ್ಟ್‌ವೇರ್ ತೆರೆದು ಚಿತ್ರಕ್ಕೆ ಎಚ್.264, ಧ್ವನಿಗೆ ಎಎಸಿ ಆರಿಸಿ ಎಂಪಿ4 ಮಾಡಲು ಕೊಟ್ಟೆ. ಹಳೇ ಕಂಪ್ಯೂಟರ್, ಫೋನ್, ಟಿವಿ ಹೆಚ್ಚುಕಮ್ಮಿ ಎಲ್ಲದರಲ್ಲೂ ಇದು ಓಡುತ್ತೆ. ಗುಣಮಟ್ಟ ಸ್ವಲ್ಪ ಇಳಿಯುತ್ತೆ, ಹಾಗಾಗಿ ಮೂಲ ಫೈಲ್ ಮಾತ್ರ ಅಳಿಸಬೇಡಿ.

ಕಾಯುತ್ತಾ ಕೂತಾಗ ಚಂದ್ರವಳ್ಳಿಯ ಮಯೂರಶರ್ಮನ ಶಾಸನ ನೆನಪಾಯ್ತು. ಅದೂ ಕೆರೆಯ ಸುದ್ದಿಯೇ. ಬ್ರಾಹ್ಮಿ ಲಿಪಿ, ಪ್ರಾಕೃತ ಭಾಷೆ. 1929ರಲ್ಲಿ ಅಲ್ಲಿ ಉತ್ಖನನ ಮಾಡಿದ ಎಂ.ಎಚ್. ಕೃಷ್ಣ ಅವರಂಥವರು ಓದಿ ಹೇಳದಿದ್ದರೆ ನಮಗದು ಬರೀ ಗೀಚಿದ ಬಂಡೆ. ಉಳಿಸಿಟ್ಟರಷ್ಟೇ ಸಾಲದು, ನೋಡುವವರಿಗೆ ತಲುಪಬೇಕು.

ಮುಕ್ಕಾಲು ಗಂಟೆ ಆದ ಮೇಲೆ ಅಜ್ಜಿ ದನಿ ಹಾಲ್ ತುಂಬಿತು. ಅಪ್ಪ ಕನ್ನಡಕ ತೆಗೆದು ಒರೆಸಿಕೊಂಡರು.

"ಇನ್ನೊಂದ್ಸಲ ಹಾಕಪ್ಪಾ."